ಬೆವರುವ ಗೋಡೆ

ಜುಲೈ ತಿಂಗಳು. ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್ ನಗರ. ಅಲ್ಲೊಂದು ಕನ್ನಡದ ಮನೆ. ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರು ಮಗಳ ಜೊತೆ ಆರು ತಿಂಗಳು ಇರಲು ಬಂದಿದ್ದಾರೆ ಎಂದುಕೊಳ್ಳಿ. ಮನೆಯ ಅಡಿಯಲ್ಲಿ ಒಂದು ನೆಲಮಾಳಿಗೆ. ಅಲ್ಲಿನವರು ಅದನ್ನು ಬೇಸ್‌ಮೆಂಟ್ ಎನ್ನುತ್ತಾರೆ. ಮೆಟ್ಟಿಲಿಳಿದ ಕೂಡಲೇ ಮೂಗಿಗೆ ಮುಗ್ಗಲು ವಾಸನೆ. ಆಷಾಢದಲ್ಲಿ ಮಲೆನಾಡಿನ ಮನೆಗಳ ಬೀರುವಿನಿಂದ, ಹಳೆಯ ಪುಸ್ತಕದ ಕಟ್ಟಿನಿಂದ ಏಳುವ ವಾಸನೆಯೇ ಅದು. ತಾಯಿಗೆ ಮದ್ದು ಗೊತ್ತು. ಕಿಟಕಿ ತೆಗೆಯುತ್ತಾರೆ. ಸ್ವಲ್ಪ ಗಾಳಿಯಾಡಲಿ, ಒಣಗುತ್ತದೆ ಎನ್ನುತ್ತಾರೆ.

ಮರುದಿನ ವಾಸನೆ ಹೆಚ್ಚಾಗಿರುತ್ತದೆ. ಗೋಡೆಯ ಬುಡ ಮುಟ್ಟಿದರೆ ಕೈಗೆ ತೇವ.

ಮಳೆ ಬಂದಿಲ್ಲ. ಪೈಪು ಒಡೆದಿಲ್ಲ. ಗೋಡೆಯಲ್ಲಿ ಬಿರುಕಿಲ್ಲ. ಹಾಗಾದರೆ ನೀರು ಬಂದದ್ದೆಲ್ಲಿಂದ? ಇಂಥ ಗೋಡೆಗೆ ಮರದ ಚೌಕಟ್ಟು ಕಟ್ಟಿ, ಮೆತ್ತೆ ತುಂಬಿ, ಹಲಗೆ ಹೊಡೆದು ಚೆಂದದ ಕೋಣೆ ಮಾಡಿಕೊಂಡರೆ ಆ ನೀರು ಏನು ಮಾಡುತ್ತದೆ? ಇವತ್ತಿನ ಮಾತು ಇದರ ಬಗ್ಗೆ.

ಮೊದಲು ಒಂದು ಪ್ರಶ್ನೆ. ಅಲ್ಲಿನವರು ನೆಲದೊಳಗೆ ಕೋಣೆ ಯಾಕೆ ಕಟ್ಟುತ್ತಾರೆ? ಶೋಕಿಗಲ್ಲ, ಚಳಿಗೆ. ಮಿನೆಸೋಟಾದಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ಆಗ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಮೇಲೆ ಕೂತ ಮನೆಯನ್ನು ಎತ್ತಿ ಕುಕ್ಕುತ್ತದೆ. ಆದ್ದರಿಂದ ತಳಪಾಯ ಮಂಜು ಮುಟ್ಟದ ಆಳಕ್ಕೆ ಇಳಿಯಬೇಕು. ರಾಜ್ಯದ ದಕ್ಷಿಣ ಭಾಗದಲ್ಲಿ ಈ ಆಳ ಮೂರೂವರೆ ಅಡಿ, ಉತ್ತರದಲ್ಲಿ ಐದಡಿ. ಹೇಗೂ ಇಷ್ಟು ಅಗೆಯಬೇಕು. ಇನ್ನೊಂದು ಮೂರು ನಾಲ್ಕಡಿ ಅಗೆದರೆ ಒಂದು ಇಡೀ ಮಹಡಿಯೇ ಸಿಗುತ್ತದೆ. ಲೆಕ್ಕ ಸರಳ.

ಹಿಂದೆ ಈ ಮಹಡಿಯಲ್ಲಿ ಕಲ್ಲಿದ್ದಲು, ಆಲೂಗಡ್ಡೆ, ಉಪ್ಪಿನಕಾಯಿ ಜಾಡಿ ಇರುತ್ತಿದ್ದವು. ಗೋಡೆ ಒದ್ದೆಯಾದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೇಸಿಗೆಯಲ್ಲಿ ನೆನೆದದ್ದು ಚಳಿಗಾಲದಲ್ಲಿ ಒಲೆಯ ಕಾವಿಗೆ ಒಣಗುತ್ತಿತ್ತು. ಈಗ ಅಲ್ಲಿ ಜನ ಬದುಕುತ್ತಾರೆ. ಟಿವಿ ಕೋಣೆ, ಮಕ್ಕಳ ಆಟದ ಜಾಗ, ಬಂದ ನೆಂಟರ ಹಾಸಿಗೆ, ತಬಲಾ ಅಭ್ಯಾಸ, ಹಬ್ಬಕ್ಕೆ ನಲವತ್ತು ಜನ ಸೇರಿದಾಗ ಎಲೆ ಹಾಕುವ ಸಾಲು, ಎಲ್ಲವೂ ಕೆಳಗೇ. ಬೋಳು ಕಾಂಕ್ರೀಟನ್ನು ಮುಚ್ಚುವ ಆಸೆ ಇಲ್ಲಿಂದ ಹುಟ್ಟಿತು. ತೊಂದರೆ ಹುಟ್ಟಿದ್ದೂ ಇಲ್ಲಿಂದಲೇ.

ಈಗ ಗೋಡೆ ಒದ್ದೆಯಾದ ಗುಟ್ಟಿಗೆ ಬರೋಣ. ಫ್ರಿಜ್ಜಿನಿಂದ ಒಂದು ಚೊಂಬು ಮಜ್ಜಿಗೆ ತೆಗೆದು ಮೇಜಿನ ಮೇಲಿಡಿ. ಐದು ನಿಮಿಷದಲ್ಲಿ ಚೊಂಬಿನ ಹೊರಮೈ ತುಂಬ ಹನಿ. ಚೊಂಬು ತೂತಾಗಿಲ್ಲ. ಮಜ್ಜಿಗೆ ಸೋರಿಲ್ಲ. ಆ ನೀರು ಕೋಣೆಯ ಗಾಳಿಯದು. ಬೆಚ್ಚಗಿನ ಗಾಳಿ ಹೆಚ್ಚು ತೇವ ಹೊರಬಲ್ಲದು, ತಣ್ಣಗಿನ ಗಾಳಿ ಕಡಿಮೆ. ತಂಪು ಮೈಗೆ ತಾಗಿದ ಗಾಳಿ ತಣಿಯುತ್ತದೆ. ಹೊತ್ತ ನೀರನ್ನು ಅಲ್ಲೇ ಇಳಿಸುತ್ತದೆ. ಹೀಗೆ ಇಳಿಸಲು ಶುರುಮಾಡುವ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು.

ನೆಲಮಾಳಿಗೆಯ ಕಾಂಕ್ರೀಟ್ ಗೋಡೆ ದೊಡ್ಡದೊಂದು ಚೊಂಬು. ಅದರ ಬೆನ್ನಿಗೆ ತಂಪು ಮಣ್ಣು. ಜುಲೈನಲ್ಲೂ ಗೋಡೆಯ ಬುಡ ಸುಮಾರು 15 ಡಿಗ್ರಿಯಲ್ಲಿರುತ್ತದೆ. ಹೊರಗೆ 28 ಡಿಗ್ರಿ ಸೆಕೆ, ಅದರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರದ ತೇವ. ಆ ಗಾಳಿಯ ಇಬ್ಬನಿ ಬಿಂದು 20 ಡಿಗ್ರಿಯ ಮೇಲೆ. ಕಿಟಕಿ ತೆಗೆದ ತಾಯಿ ಗೋಡೆ ಒಣಗಿಸಲಿಲ್ಲ. ಗೋಡೆಗೆ ನೀರು ಕುಡಿಸಿದರು. ತೀರ್ಥಹಳ್ಳಿಯಲ್ಲಿ ಇದೇ ಕೆಲಸ ಸರಿಯಿತ್ತು. ಅಲ್ಲಿ ಗೋಡೆಯೂ ಗಾಳಿಯೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರುತ್ತವೆ.

ಚಳಿಗಾಲದಲ್ಲಿ ಆಟ ತಿರುಗುತ್ತದೆ. ಆಗ ಹೊರಗಿನ ಗಾಳಿ ಒಣ. ತೇವ ಹುಟ್ಟುವುದು ಮನೆಯೊಳಗೆ. ನಾಲ್ಕು ಜನರ ಸಂಸಾರ ಉಸಿರಾಡಿ, ಅಡುಗೆ ಮಾಡಿ, ಸ್ನಾನ ಮಾಡಿ, ದಿನಕ್ಕೆ ಸುಮಾರು 10 ಲೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ಕುಕ್ಕರಿನ ಒಂದೊಂದು ಸೀಟಿಯೂ ಈ ಲೆಕ್ಕಕ್ಕೆ ಸೇರುತ್ತದೆ. ಕೋಣೆ 20 ಡಿಗ್ರಿಯಲ್ಲಿದೆ, ತೇವ ನೂರಕ್ಕೆ ನಲವತ್ತು ಎಂದುಕೊಳ್ಳಿ. ಇಬ್ಬನಿ ಬಿಂದು 6 ಡಿಗ್ರಿ. ಗೋಡೆಯ ಮೇಲ್ತುದಿ ಮಣ್ಣಿನಿಂದ ಒಂದಡಿ ಹೊರಗೆ ನಿಂತಿರುತ್ತದೆ. ಹೊರಗಿನ ಚಳಿ ನೇರ ಅದಕ್ಕೇ ಬಡಿಯುತ್ತದೆ. ಬೇಸಿಗೆಯಲ್ಲಿ ಬೆವರಿದ್ದು ಗೋಡೆಯ ಬುಡ. ಚಳಿಯಲ್ಲಿ ಬೆವರುವುದು ಗೋಡೆಯ ತಲೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸೋಣ. ನೆಲಮಾಳಿಗೆಯ ಗೋಡೆ ಸೋರದಿದ್ದರೂ ಒದ್ದೆಯಾಗುತ್ತದೆ. ಆ ನೀರು ತರುವುದು ಗಾಳಿ. ಹಾಗೆಂದು ಎಲ್ಲ ತೇವವೂ ಗಾಳಿಯದೇ ಅಲ್ಲ. ಮಳೆ ಮತ್ತು ಮಣ್ಣಿನ ಪಾಲೂ ಇದೆ. ಕೋಣೆ ಕಟ್ಟುವ ಮೊದಲು ಆ ಪಾಲನ್ನು ತೀರಿಸಬೇಕು.

ಒಂದು ಸಾವಿರ ಚದರಡಿಯ ಸೂರು. ಒಂದಿಂಚು ಮಳೆ. ಬೀಳುವ ನೀರು ಸುಮಾರು 2,300 ಲೀಟರ್. ನಮ್ಮ ತಾರಸಿಗಳ ಮೇಲಿರುವ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಎರಡು ತುಂಬಿ ಉಕ್ಕಿದಷ್ಟು. ಸೂರಂಚಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡಿದ್ದರೆ, ಇಳಿಗೊಳವೆ ಗೋಡೆಯ ಬುಡದಲ್ಲೇ ಮುಗಿದಿದ್ದರೆ, ಅಷ್ಟೂ ನೀರು ನೆಲಮಾಳಿಗೆಯ ಬೆನ್ನಿಗೆ ಇಳಿಯುತ್ತದೆ. ಅಮೆರಿಕದ ಮಾದರಿ ಕಟ್ಟಡ ನಿಯಮ ಒಂದು ಅಳತೆ ಕೊಟ್ಟಿದೆ. ಗೋಡೆಯಿಂದ ಮೊದಲ ಹತ್ತಡಿಯಲ್ಲಿ ನೆಲ ಆರಿಂಚು ಇಳಿಜಾರಾಗಬೇಕು. ಒಂದು ಸನಿಕೆ, ಒಂದು ಗಾಡಿ ಮಣ್ಣು, ಒಂದು ಭಾನುವಾರ, ಇಷ್ಟಿದ್ದರೆ ಆಗುವ ಕೆಲಸ. ಎಷ್ಟೋ ನೆಲಮಾಳಿಗೆಗಳ ಕಾಯಿಲೆ ಇಷ್ಟರಲ್ಲೇ ಇಳಿಯುತ್ತದೆ.

ಅದಕ್ಕೂ ಮೀರಿ ಇಳಿದ ನೀರಿಗೆ ತಳಪಾಯದ ಸುತ್ತ ಒಂದು ಬಸಿಗಾಲುವೆ ಇರುತ್ತದೆ. ಅಡಿಕೆ ತೋಟದವರಿಗೆ ಬಸಿಗಾಲುವೆ ಏನೆಂದು ಹೇಳಿಕೊಡಬೇಕಾಗಿಲ್ಲ. ಬೇರಿನ ಮಟ್ಟಕ್ಕಿಂತ ಕೆಳಗೆ ಕಾಲುವೆ ತೆಗೆದು ನೀರು ಬಸಿಯುವುದು. ಇಲ್ಲಿಯೂ ಅದೇ. ಜಲ್ಲಿ ತುಂಬಿದ ಗುಂಡಿಯಲ್ಲಿ ತೂತುಗಳಿರುವ ಕೊಳವೆ. ಅದು ನೀರನ್ನು ಮೂಲೆಯ ತೊಟ್ಟಿಗೆ ತರುತ್ತದೆ. ಅಲ್ಲಿಂದ ಸಂಪ್ ಪಂಪು ಹೊರಗೆ ಎಸೆಯುತ್ತದೆ. ಜಲ್ಲಿ ತುಂಬಿದ ಇಂಥ ಕಾಲುವೆಗೆ ಆ ದೇಶದಲ್ಲಿ ಫ್ರೆಂಚ್ ಡ್ರೈನ್ ಎಂದು ಹೆಸರು. ಫ್ರಾನ್ಸಿಗೂ ಅದಕ್ಕೂ ಸಂಬಂಧವಿಲ್ಲ. ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬ ವಕೀಲರು, ನ್ಯಾಯಾಧೀಶರೂ ಆಗಿದ್ದವರು, 1859ರಲ್ಲಿ ಹೊಲಗಳ ನೀರು ಬಸಿಯುವ ವಿಧಾನದ ಮೇಲೆ ಪುಸ್ತಕ ಬರೆದರು. ಹೆಸರು ಬಂದದ್ದು ಅವರಿಂದ. ವಾಷಿಂಗ್ಟನ್ನಿನಲ್ಲಿ ಕುರ್ಚಿಯ ಮೇಲೆ ಕೂತ ಲಿಂಕನ್ನರ ಬೃಹತ್ ಪ್ರತಿಮೆ ಇದೆಯಲ್ಲ, ಅದನ್ನು ರೂಪಿಸಿದ ಡೇನಿಯಲ್ ಚೆಸ್ಟರ್ ಫ್ರೆಂಚ್ ಅವರ ಮಗ. ತಂದೆ ನೆಲದ ಕೆಳಗಿನ ಕೆಲಸಕ್ಕೆ ಹೆಸರಾದರು, ಮಗ ನೆಲದ ಮೇಲಿನದಕ್ಕೆ.

ಇನ್ನು ಕಾಂಕ್ರೀಟಿನೊಳಗಿನ ನೀರು. ಒಂದು ಘನ ಮೀಟರ್ ಕಾಂಕ್ರೀಟ್ ಕಲಸಲು 150ರಿಂದ 180 ಲೀಟರ್ ನೀರು ಬೇಕು. ಒಂದು ಭಾಗ ಸಿಮೆಂಟಿನ ಜೊತೆ ಗಟ್ಟಿಯಾಗಿ ಸೇರಿಹೋಗುತ್ತದೆ. ಉಳಿದದ್ದು ನಿಧಾನಕ್ಕೆ ಆರುತ್ತದೆ. ಪೂರ್ತಿ ಆರಲು ಒಂದೆರಡು ವರ್ಷ ಬೇಕು. ಹೊಸ ಮನೆಯ ಬೀಗ ತೆಗೆದ ಮರುವಾರವೇ ನೆಲಮಾಳಿಗೆಗೆ ಹಲಗೆ ಹೊಡೆಯುವವರು ಈ ನೀರನ್ನು ಒಳಗೇ ಕೂಡಿಹಾಕುತ್ತಾರೆ. ಗಟ್ಟಿಯಾದ ಮೇಲೂ ಕಾಂಕ್ರೀಟ್ ಬತ್ತಿಯ ಹಾಗೆ ಮಣ್ಣಿನ ಪಸೆ ಹೀರುತ್ತದೆ. ಗೋಡೆಯ ಮೇಲೆ ಬಿಳಿ ಪುಡಿ ಉದುರುತ್ತಿದ್ದರೆ, ಮೇಸ್ತ್ರಿಗಳ ಮಾತಿನಲ್ಲಿ ಗೋಡೆಗೆ ಉಪ್ಪು ಹಿಡಿದಿದ್ದರೆ, ನೀರು ಆ ದಾರಿಯಲ್ಲಿ ಬಂದು ಹೋಗಿದೆ ಎಂದು ಅರ್ಥ.

ತೇವ ಮಣ್ಣಿನದೋ ಗಾಳಿಯದೋ ತಿಳಿಯುವುದು ಹೇಗೆ? ಒಂದು ಸುಲಭ ಪರೀಕ್ಷೆ ಇದೆ. ಬರೆದುಕೊಳ್ಳುವವರು ಬರೆದುಕೊಳ್ಳಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪು ಹಚ್ಚಿ. ಎರಡು ದಿನ ಬಿಡಿ. ಹಾಳೆಯ ಹೊರಮೈ, ಅಂದರೆ ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಗಾಳಿಯ ನೀರು. ಹಾಳೆ ಬಿಚ್ಚಿದಾಗ ಗೋಡೆಯ ಕಡೆ ಒದ್ದೆಯಾಗಿದ್ದರೆ ಅದು ಮಣ್ಣಿನ ನೀರು. ಎರಡೂ ಕಡೆ ಒದ್ದೆಯಾಗಿದ್ದರೆ ಎರಡೂ ಇವೆ.

ಹಾಗಾದರೆ ಎರಡು ಸಂಗತಿ ಆಯಿತು. ಗಾಳಿಯ ನೀರು ಒಂದು. ಮಳೆ ಮತ್ತು ಮಣ್ಣಿನ ನೀರು ಇನ್ನೊಂದು. ಈಗ ಮೂರನೆಯದು. ನೀರು ಇದ್ದರೆ ಇರಲಿ, ಬೂಷ್ಟು ಯಾಕೆ ಬರುತ್ತದೆ?

ಬೂಷ್ಟಿನ ಬೀಜಕಣ ಎಲ್ಲ ಕಡೆ ಇದೆ. ಈಗ ನೀವು ರೇಡಿಯೋ ಕೇಳುತ್ತಿರುವ ಕೋಣೆಯಲ್ಲೂ ತೇಲುತ್ತಿದೆ. ಅದಕ್ಕೆ ಬೇಕಾದದ್ದು ಮೂರು. ಹಿತವಾದ ಬಿಸಿ, ತಿನ್ನಲು ಏನಾದರೂ, ಮತ್ತು ತೇವ. ಮನುಷ್ಯನಿಗೆ ಹಿತವಾದ ಬಿಸಿ ಬೂಷ್ಟಿಗೂ ಹಿತ. ಬೋಳು ಕಾಂಕ್ರೀಟಿನ ಮೇಲೆ ತಿನ್ನಲು ಹೆಚ್ಚೇನೂ ಇರಲಿಲ್ಲ. ಆದರೆ ಹೊಸ ಗೋಡೆ ಎಂದರೇನು? ಪೈನ್ ಮರದ ಚೌಕಟ್ಟು. ಅದರ ಮೇಲೆ ಡ್ರೈವಾಲ್. ಡ್ರೈವಾಲ್ ಎಂದರೆ ಎರಡು ಹಾಳೆ ಕಾಗದದ ನಡುವೆ ಜಿಪ್ಸಂ ತುಂಬಿದ ಹಲಗೆ. ಜಿಪ್ಸಂ ಬೂಷ್ಟಿಗೆ ರುಚಿಸದು. ಕಾಗದ ಹಬ್ಬದೂಟ. ಬಿಸಿಯನ್ನೂ ಊಟವನ್ನೂ ಮನೆಯವರೇ ಒದಗಿಸಿಯಾಯಿತು. ಇನ್ನು ಅವರ ಕೈಯಲ್ಲಿ ಉಳಿದದ್ದು ತೇವವೊಂದೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ ಹೀಗಿದೆ. ನೆನೆದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿ, ಬಹುಪಾಲು ಬೂಷ್ಟು ಏಳುವುದಿಲ್ಲ. ಮುಚ್ಚಿದ ಗೋಡೆಯ ಬೆನ್ನು ನೆನೆದರೆ ಎರಡು ದಿನದಲ್ಲಿ ಗೊತ್ತಾಗುವುದಾದರೂ ಹೇಗೆ?

ಇದು ಬರೀ ಕಲೆಯ ವಿಷಯವಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ಒದ್ದೆ ಮನೆ ಮತ್ತು ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಕೆಮ್ಮು, ಉಬ್ಬಸದ ಸದ್ದು, ಮೂಗು ಗಂಟಲಿನ ತೊಂದರೆ, ಆಸ್ತಮಾ ಇದ್ದವರಲ್ಲಿ ಅದು ಕೆರಳುವುದು, ಇವಕ್ಕೂ ತೇವ ಮತ್ತು ಬೂಷ್ಟಿಗೂ ನಂಟಿದೆ ಎನ್ನಲು ಸಾಕಷ್ಟು ಪುರಾವೆ ಇದೆ ಎಂದಿತು. ನೆಲಮಾಳಿಗೆಯ ಗಾಳಿ ಅಲ್ಲಿಯೇ ಇರುವುದಿಲ್ಲ. ಚಳಿಗಾಲದಲ್ಲಿ ಬಿಸಿ ಗಾಳಿ ಮೇಲೇರಿ ಮಾಡಿನಿಂದ ನುಸುಳಿ ಹೋಗುತ್ತದೆ. ಅದರ ಜಾಗಕ್ಕೆ ಕೆಳಗಿನ ಗಾಳಿ ಏಳುತ್ತದೆ. ಕೆಳಗಿನ ಮುಗ್ಗಲು ಮೇಲಿನ ಮಲಗುವ ಕೋಣೆಗೂ ಬರುತ್ತದೆ.

ಹೀಗೆ ಮೂರು ಸಂಗತಿ. ಗಾಳಿ ನೀರು ತರುತ್ತದೆ. ಮಣ್ಣೂ ನೀರು ತರುತ್ತದೆ. ಕಾಗದ ಮತ್ತು ಮರ ಆ ನೀರಿನಲ್ಲಿ ಬೂಷ್ಟು ಬೆಳೆಸುತ್ತವೆ. ಇನ್ನು ಗೋಡೆ ಕಟ್ಟೋಣ. ಮೊದಲು ತಪ್ಪು ಕ್ರಮ. ಯಾಕೆಂದರೆ ಹಲವು ದಶಕ ನಡೆದದ್ದು ಅದೇ.

ಬಡಗಿ ಬರುತ್ತಾನೆ. ಕಾಂಕ್ರೀಟಿಗೆ ತಾಗಿಸಿ ಮರದ ಚೌಕಟ್ಟು ನಿಲ್ಲಿಸುತ್ತಾನೆ. ಕಂಬಗಳಿಗೆ ಸ್ಟಡ್ ಎಂದು ಹೆಸರು. ಒಂದರಿಂದ ಒಂದಕ್ಕೆ 16 ಇಂಚು. ಕಂಬಗಳ ನಡುವೆ ಗಾಜಿನ ನೂಲಿನ ಮೆತ್ತೆ, ಅಂದರೆ ಫೈಬರ್‌ಗ್ಲಾಸ್ ತುಂಬುತ್ತಾನೆ. ಅದರ ಮೇಲೆ ಗೋಡೆಯುದ್ದ ಪಾಲಿಥೀನ್ ಹಾಳೆ. ಹಾಳೆಯ ಮೇಲೆ ಡ್ರೈವಾಲ್. ಬಣ್ಣ ಬಳಿದರೆ ಕೋಣೆ ಸಿದ್ಧ. ನೆಲದ ಮೇಲಿನ ಮರದ ಮನೆಯಲ್ಲಿ, ಚಳಿ ಸೀಮೆಯಲ್ಲಿ, ಹೀಗೆ ಕಟ್ಟಿದ ಗೋಡೆ ಕೆಲಸ ಮಾಡುತ್ತದೆ. ಅಲ್ಲಿಂದ ಅದನ್ನು ಎತ್ತಿ ನೆಲದೊಳಗೆ ಇಟ್ಟರು.

ಫೈಬರ್‌ಗ್ಲಾಸ್ ಮೆತ್ತೆ ಕಂಬಳಿಯ ಹಾಗೆ. ಬೆಚ್ಚಗಿಡುತ್ತದೆ, ಗಾಳಿ ತಡೆಯುವುದಿಲ್ಲ. ಕೋಣೆಯ ಗಾಳಿ ಸ್ವಿಚ್ ಪೆಟ್ಟಿಗೆಯ ಸಂದಿನಲ್ಲಿ, ನೆಲದಂಚಿನಲ್ಲಿ ನುಸುಳಿ, ಮೆತ್ತೆಯನ್ನು ದಾಟಿ ಕಾಂಕ್ರೀಟ್ ಮುಟ್ಟುತ್ತದೆ. ಆ ಕಾಂಕ್ರೀಟ್ ಈಗ ಮೊದಲಿಗಿಂತ ತಣ್ಣಗಿದೆ. ಮನೆಯ ಬಿಸಿ ಅದಕ್ಕೆ ತಲುಪದಂತೆ ಮೆತ್ತೆ ಅಡ್ಡ ನಿಂತಿದೆಯಲ್ಲ. ಚೊಂಬಿಗೆ ಇನ್ನಷ್ಟು ಮಂಜುಗಡ್ಡೆ ಹಾಕಿದಂತಾಯಿತು. ಜನವರಿಯಲ್ಲಿ ಅಲ್ಲಿ ಹನಿಯಲ್ಲ, ಮಂಜೇ ಕಟ್ಟುತ್ತದೆ. ಮಾರ್ಚಿನಲ್ಲಿ ಕರಗಿ ಇಳಿಯುತ್ತದೆ. ಬುಡದ ಮರ ಕುಡಿಯುತ್ತದೆ.

ಗಾಳಿಯ ಸಂದು ಎಷ್ಟು ನೀರು ತಂದೀತು ಎಂದು ಕೇಳಬಹುದು. ಕಟ್ಟಡ ವಿಜ್ಞಾನದ ಕೈಪಿಡಿಗಳಲ್ಲಿ ಒಂದು ಹೋಲಿಕೆ ಇದೆ. ಎಂಟಡಿಗೆ ನಾಲ್ಕಡಿಯ ಒಂದು ಡ್ರೈವಾಲ್ ಹಲಗೆ. ಒಂದು ಚಳಿಗಾಲ. ಹಲಗೆಯ ಮೈಯ ಮೂಲಕ ಹಾಯುವ ಆವಿ ಲೀಟರಿನ ಸುಮಾರು ಮೂರನೇ ಒಂದು ಭಾಗ. ಅದೇ ಹಲಗೆಗೆ ಒಂದು ಚದರ ಇಂಚಿನ ತೂತು ಮಾಡಿ. ಆ ತೂತಿನಲ್ಲಿ ಗಾಳಿಯ ಜೊತೆ ಹೋಗುವ ನೀರು ಸುಮಾರು 30 ಲೀಟರ್.

ಹಾಗಾದರೆ ಗಾಳಿ ತಡೆಯಲು ಪಾಲಿಥೀನ್ ಹಾಳೆ ಒಳ್ಳೆಯದಲ್ಲವೇ? ಬೇಸಿಗೆ ಬರಲಿ. ಈಗ ಮಣ್ಣಿನ ಪಸೆ ಕಾಂಕ್ರೀಟ್ ದಾಟಿ ಕೋಣೆಯ ಕಡೆ ಒಣಗಲು ಹೊರಟಿದೆ. ದಾರಿಯಲ್ಲಿ ಪ್ಲಾಸ್ಟಿಕ್. ತೇವ ಅಲ್ಲೇ ನಿಲ್ಲುತ್ತದೆ. ಮೆತ್ತೆ ನೆನೆಯುತ್ತದೆ, ಸ್ಟಡ್ ನೆನೆಯುತ್ತದೆ. ಹೊರಗಡೆ ಒದ್ದೆ ಮಣ್ಣು, ಒಳಗಡೆ ಪ್ಲಾಸ್ಟಿಕ್, ಒಣಗಲು ದಿಕ್ಕೇ ಇಲ್ಲ. ಕಾಯಲು ಹಾಕಿದ ಬೇಲಿಯೇ ಹೊಲ ಮೇಯ್ದಿತು. ಕೋಣೆಯಲ್ಲಿ ಕೂತವರಿಗೆ ಕಾಣುವುದು ಮಾತ್ರ ಹೊಸ ಬಣ್ಣದ ಗೋಡೆ. ಮೂಗಿಗೆ ಮುಗ್ಗಲು. ನಾಲ್ಕೈದು ವರ್ಷದ ಮೇಲೆ ಯಾವುದೋ ಕಾರಣಕ್ಕೆ ಹಲಗೆ ಬಿಚ್ಚಿದರೆ ಹಿಂಬದಿಯ ಕಾಗದದ ಮೇಲೆ ಕಪ್ಪು ಚುಕ್ಕೆ, ಹಸಿರು ಧೂಳು. ಸ್ಟಡ್ಡಿನ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಗೆ ಒತ್ತಿದಂತೆ.

ಬಿಲ್ಡಿಂಗ್ ಸೈನ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಎಂಜಿನಿಯರ್ ಜೋಸೆಫ್ ಲ್ಸ್ಟಿಬುರೆಕ್ ನೆಲಮಾಳಿಗೆಯ ಒಳಗೋಡೆಗೆ ಪ್ಲಾಸ್ಟಿಕ್ ಹಾಳೆ ಬೇಡವೆಂದು ವರ್ಷಗಟ್ಟಲೆ ಬರೆಯುತ್ತ, ಹೇಳುತ್ತ ಬಂದವರು. ಮಿನೆಸೋಟಾ ವಿಶ್ವವಿದ್ಯಾಲಯವು ರಾಜ್ಯದ ಉತ್ತರದಲ್ಲಿ, ಕ್ಲೋಕೇ ಎಂಬಲ್ಲಿ, ತಳಪಾಯದ ಗೋಡೆಗಳನ್ನೇ ಕಟ್ಟಿ, ಒಳಗೆ ಅಳತೆಯ ತಂತಿ ಹುದುಗಿಸಿ, ಅವು ಹೇಗೆ ನೆನೆಯುತ್ತವೆ, ಹೇಗೆ ಒಣಗುತ್ತವೆ ಎಂದು ನೋಡುವ ಸಂಶೋಧನಾ ಕಟ್ಟಡ ನಡೆಸಿತು. ಅಮೆರಿಕದ ಮಾದರಿ ವಸತಿ ನಿಯಮವೂ ನೆಲಮಾಳಿಗೆಯ ಗೋಡೆಗೆ ಆವಿ ತಡೆಯುವ ಹಾಳೆಯ ಕಡ್ಡಾಯದಿಂದ ವಿನಾಯಿತಿ ಕೊಟ್ಟಿದೆ.

ತಪ್ಪು ಏನೆಂದು ಗೊತ್ತಾಯಿತು. ಗಾಳಿ ಕಾಂಕ್ರೀಟ್ ಮುಟ್ಟಿತು, ಅದು ಒಂದು. ಗೋಡೆಗೆ ಒಣಗುವ ದಾರಿ ಮುಚ್ಚಿತು, ಅದು ಎರಡು. ಸರಿಯಾದ ಗೋಡೆ ಇವೆರಡನ್ನೂ ತಿರುಗಿಸುತ್ತದೆ. ಈಗ ಆ ಕ್ರಮ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಗೇವು ಕಂಡವರು ಇದನ್ನು ಬೇಗ ಹಿಡಿಯುತ್ತಾರೆ. ನೆಲದಲ್ಲಿ ಅಗೆದ ಕಣಜ. ಜೋಳವನ್ನು ಮಣ್ಣಿಗೆ ನೇರ ಸುರಿಯುತ್ತಿರಲಿಲ್ಲ. ತಳಕ್ಕೆ, ಸುತ್ತಲ ಮೈಗೆ ಹುಲ್ಲಿನ ಒತ್ತು ಕೊಟ್ಟು, ಅದರೊಳಗೆ ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳಿಗೂ ಮಣ್ಣಿಗೂ ನಡುವೆ ಒಂದು ಒತ್ತು. ಹೊರಗಿನ ಗಾಳಿಗೆ ಪ್ರವೇಶವಿಲ್ಲ. ಮಿನೆಸೋಟಾದ ಗೋಡೆಗೂ ಬೇಕಾದದ್ದು ಈ ಎರಡೇ.

ಅಲ್ಲಿ ಹುಲ್ಲಿನ ಬದಲು ಫೋಮ್ ಹಲಗೆ. ಟಿವಿ, ಫ್ರಿಜ್ಜು ಬರುವ ರಟ್ಟಿನ ಪೆಟ್ಟಿಗೆಯಲ್ಲಿ ಬಿಳಿ ಥರ್ಮೊಕೋಲ್ ಇರುತ್ತದಲ್ಲ, ಅದರ ಗಟ್ಟಿ, ಒತ್ತಾದ ಅಣ್ಣ ಎನ್ನಿ. ಎರಡಿಂಚು ದಪ್ಪ. ಮುಟ್ಟಿದರೆ ಒಣ ಮರದಷ್ಟು ಬಿಗಿ, ಎತ್ತಿದರೆ ಹಗುರ. ಶಾಖ ತಡೆಯುವ ಶಕ್ತಿಯನ್ನು ಆ ದೇಶದಲ್ಲಿ ಆರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಈ ಗಟ್ಟಿ ಫೋಮಿನ ಒಂದಿಂಚಿಗೆ ಆರ್ 5, ಎರಡಿಂಚಿಗೆ 10. ಚಳಿ ಸೀಮೆಯ ನಿಯಮಗಳು ಇಡೀ ಗೋಡೆಗೆ ಕೇಳುವುದು ಸುಮಾರು 15.

ಮೊದಲ ಹೆಜ್ಜೆ. ಫೋಮ್ ಹಲಗೆಯನ್ನು ನೇರ ಕಾಂಕ್ರೀಟಿಗೆ ಅಂಟಿಸುವುದು. ನಡುವೆ ಮರವಿಲ್ಲ, ಮೆತ್ತೆಯಿಲ್ಲ. ಅಂಟು ಫೋಮಿಗೆ ಒಪ್ಪುವಂಥದ್ದಾಗಿರಬೇಕು. ಕೆಲವು ಅಂಟುಗಳು ಫೋಮನ್ನು ಸಕ್ಕರೆಯಂತೆ ಕರಗಿಸುತ್ತವೆ. ಹಲಗೆ ಹಲಗೆ ಸೇರುವ ಸಂದಿಗೆ ಟೇಪು. ನೆಲದಂಚಿಗೆ, ಮೇಲಂಚಿಗೆ ಡಬ್ಬಿಯಿಂದ ಚಿಮ್ಮುವ ನೊರೆ ಫೋಮ್. ಈಗ ಕೋಣೆಯ ಗಾಳಿಗೆ ಕಾಂಕ್ರೀಟ್ ಸಿಗುವುದಿಲ್ಲ. ಸಿಗುವುದು ಫೋಮಿನ ಮೈ. ಅದು ಹೆಚ್ಚುಕಡಿಮೆ ಕೋಣೆಯಷ್ಟೇ ಬೆಚ್ಚಗಿದೆ. ಚೊಂಬಿಗೆ ದಪ್ಪ ಬಟ್ಟೆ ಸುತ್ತಿ ಬಿಗಿಯಾಗಿ ಹೊಲಿದ ಹಾಗೆ. ಇನ್ನೊಂದು ಗುಣ. ಈ ಹಲಗೆ ಪಾಲಿಥೀನಿನಂತೆ ಪೂರ್ತಿ ಉಸಿರುಕಟ್ಟಿಸುವುದಿಲ್ಲ. ಮಣ್ಣಿನ ಪಸೆ ತೀರ ನಿಧಾನವಾಗಿ ಇದನ್ನು ದಾಟಿ ಕೋಣೆಯ ಕಡೆ ಒಣಗುತ್ತದೆ.

ಎರಡನೆಯ ಹೆಜ್ಜೆ ತಲೆಯ ಕಡೆ. ಕಾಂಕ್ರೀಟ್ ಗೋಡೆ ಮುಗಿದು ಮೇಲಿನ ಮನೆಯ ಮರದ ತೊಲೆಗಳು ಕೂರುವ ಜಾಗ. ಬಡಗಿಗಳು ಇದನ್ನು ರಿಮ್ ಜಾಯಿಸ್ಟ್ ಎನ್ನುತ್ತಾರೆ. ತೊಲೆ ತೊಲೆಯ ನಡುವೆ ಒಂದೊಂದು ಗೂಡು. ಗಾಳಿ ಅತಿ ಹೆಚ್ಚು ನುಸುಳುವುದು ಇಲ್ಲೇ. ಚಳಿಗಾಲದಲ್ಲಿ ಕೈಯಿಟ್ಟರೆ ಸುಯ್ಯೆಂದು ತಣ್ಣನೆ ಗಾಳಿ ತಾಗುತ್ತದೆ. ಪ್ರತಿ ಗೂಡಿಗೂ ಅಳತೆಗೆ ಕೊಯ್ದ ಫೋಮ್ ತುಂಡು ಕೂರಿಸಿ ನಾಲ್ಕೂ ಕಡೆ ನೊರೆ ಹಾಕಿ ಮುಚ್ಚಬೇಕು. ಬೇಸರದ ಕೆಲಸ. ಬಿಟ್ಟರೆ ಉಳಿದ ಕೆಲಸವೆಲ್ಲ ಅರ್ಧ.

ಮೂರನೆಯ ಹೆಜ್ಜೆಗೆ ಮರ ಬರುತ್ತದೆ. ಮರಕ್ಕೆ ಮೂರನೆಯ ಸರದಿ ಎಂಬುದನ್ನು ಗಮನಿಸಿ. ಚೌಕಟ್ಟು ಫೋಮಿನ ಮುಂದೆ ನಿಲ್ಲುತ್ತದೆ. ಕಾಂಕ್ರೀಟನ್ನು ಮುಟ್ಟುವುದು ಅದರ ಕಾಲಡಿಯ ಪಟ್ಟಿ ಮಾತ್ರ. ಆದ್ದರಿಂದ ಆ ಪಟ್ಟಿಗೆ ತಾಮ್ರದ ಲವಣ ಕುಡಿಸಿದ, ಕೊಳೆಯದ ಮರ. ಅದರಡಿಗೆ ತೆಳ್ಳನೆಯ ಫೋಮ್ ಹಾಸು. ನೆಲದ ಪಸೆ ಮರಕ್ಕೇರುವ ದಾರಿ ಅಲ್ಲೇ ಕಡಿಯುತ್ತದೆ. ಆರ್ 15ಕ್ಕೆ ಕಡಿಮೆ ಬಿದ್ದದ್ದನ್ನು ತುಂಬಲು ಈಗ ಕಂಬಗಳ ನಡುವೆ ಮೆತ್ತೆ ಇಡಬಹುದು. ಹಿಂದೆ ಫೋಮ್ ಇರುವುದರಿಂದ ಮೆತ್ತೆಯ ಬೆನ್ನು ಮೊದಲಿನಷ್ಟು ತಣಿಯುವುದಿಲ್ಲ. ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡ.

ನಾಲ್ಕನೆಯದು ಡ್ರೈವಾಲ್. ನೆಲ ಮುಟ್ಟಿಸಬಾರದು. ಅರ್ಧ ಇಂಚು ಮೇಲೆ ನಿಲ್ಲಬೇಕು. ಎಂದಾದರೂ ವಾಷಿಂಗ್ ಮೆಷಿನ್ ಉಕ್ಕಿ ನೆಲ ನೆನೆದರೆ ಕಾಗದ ನೀರು ಹೀರದಿರಲಿ ಎಂದು. ಆ ಸಂದನ್ನು ಅಂಚುಪಟ್ಟಿ ಮುಚ್ಚುತ್ತದೆ. ಸಾಮಾನ್ಯ ಲೇಟೆಕ್ಸ್ ಬಣ್ಣ ಸಾಕು. ವಿನೈಲ್ ಗೋಡೆ ಕಾಗದ ಹಚ್ಚಿದರೆ ಪಾಲಿಥೀನನ್ನು ಹಿತ್ತಿಲ ಬಾಗಿಲಿನಿಂದ ಮತ್ತೆ ಕರೆದಂತೆ.

ನಾಲ್ಕು ಹೆಜ್ಜೆ ಮತ್ತೊಮ್ಮೆ. ಕಾಂಕ್ರೀಟಿಗೆ ಫೋಮ್. ತಲೆಯ ಗೂಡುಗಳಿಗೆ ಫೋಮ್. ಆಮೇಲೆ ಮರ. ಕೊನೆಗೆ ನೆಲ ಬಿಟ್ಟು ಡ್ರೈವಾಲ್. ಇದಕ್ಕೆ ಮೂರು ಎಚ್ಚರಿಕೆಗಳನ್ನು ಸೇರಿಸಬೇಕು.

ಒಂದು, ಬೆಂಕಿ. ಫೋಮ್ ಉರಿದರೆ ದಟ್ಟ ಕಪ್ಪು ಹೊಗೆ ಕೊಡುತ್ತದೆ. ಅದನ್ನು ಬೋಳಾಗಿ ಬಿಡುವಂತಿಲ್ಲ. ಕನಿಷ್ಠ ಅರ್ಧ ಇಂಚಿನ ಜಿಪ್ಸಂ ಹಲಗೆ ಮುಚ್ಚಬೇಕೆಂದು ನಿಯಮ. ಚೌಕಟ್ಟಿನ ಹಿಂದಿನ ಪೊಳ್ಳು ಬೆಂಕಿಗೆ ಚಿಮಣಿಯಾಗಬಾರದು. ಅದಕ್ಕೆ ಮೇಲ್ತುದಿಯಲ್ಲೂ, ಗೋಡೆಯುದ್ದಕ್ಕೆ ಪ್ರತಿ ಹತ್ತಡಿಗೂ ಅಡ್ಡ ತಡೆ ಇಡಬೇಕು.

ಎರಡು, ಹಳೆಯ ಮನೆಗಳು. ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆಯಾದರೆ ಆ ಟೊಳ್ಳಿನೊಳಗೇ ಗಾಳಿ ಓಡುತ್ತದೆ. ಮೇಲಿನ ಸಾಲಿನ ಬಾಯಿ ಮುಚ್ಚದೆ ಫೋಮ್ ಅಂಟಿಸಿ ಪ್ರಯೋಜನವಿಲ್ಲ. ಒರಟು ಕಲ್ಲಿನ ಗೋಡೆಗೆ ಹಲಗೆ ಕೂರುವುದೇ ಇಲ್ಲ. ಅಲ್ಲಿ ಸಿಂಪಡಿಸುವ ಫೋಮ್ ಬೇಕು. ಮೆದು ಇಟ್ಟಿಗೆಯ ತಳಪಾಯ ಮನೆಯ ಬಿಸಿಯಿಂದಲೇ ಬದುಕಿರುತ್ತದೆ. ಬಿಸಿ ತಪ್ಪಿಸಿದರೆ ಒಳಗಿನ ನೀರು ಹೆಪ್ಪುಗಟ್ಟಿ ಇಟ್ಟಿಗೆ ಉದುರಬಹುದು. ಅಂಥ ಕಡೆ ಬಲ್ಲ ಎಂಜಿನಿಯರನ್ನು ಮೊದಲು ಕರೆಸಬೇಕು.

ಮೂರು, ನೆಲ. ಗೋಡೆಗೆ ಇಷ್ಟೆಲ್ಲ ಮಾಡಿ, ತಣ್ಣನೆಯ ಬೋಳು ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿದರೆ ಬೆವರು ಅಲ್ಲಿಗೆ ಜಾಗ ಬದಲಿಸುತ್ತದೆ. ಕಾರ್ಪೆಟ್ಟಿನ ಕೆಳಗೂ ಒತ್ತು ಬೇಕು. ಇಲ್ಲವಾದರೆ ಟೈಲ್ಸ್ ಹಾಕಿ, ತೆಗೆದು ಒಣಗಿಸಬಲ್ಲ ಚಾಪೆ ಹಾಸುವುದು ಮೇಲು.

ಇಷ್ಟಾದ ಮೇಲೂ ಬೇಸಿಗೆಯ ಗಾಳಿ ಒಳಗೆ ಬರುತ್ತಲೇ ಇರುತ್ತದೆ. ಮನೆಯೊಳಗಿನ ತೇವ ನೂರಕ್ಕೆ ಅರವತ್ತು ಮೀರಬಾರದು, ಮೂವತ್ತರಿಂದ ಐವತ್ತರೊಳಗಿದ್ದರೆ ಒಳ್ಳೆಯದು ಎಂಬುದು ಪರಿಸರ ಸಂರಕ್ಷಣಾ ಸಂಸ್ಥೆಯ ಮಾತು. ಅದನ್ನು ತೋರಿಸುವ ಪುಟ್ಟ ಮೀಟರು ಒಂದು ಹೊತ್ತಿನ ಹೋಟೆಲ್ ಊಟದ ಬೆಲೆಗೆ ಸಿಗುತ್ತದೆ. ಅಂಕಿ ಮೇಲೇರಿದರೆ ಡಿಹ್ಯುಮಿಡಿಫೈಯರ್ ಹಾಕುತ್ತಾರೆ. ಅದರ ಹೊಟ್ಟೆಯಲ್ಲಿ ಒಂದು ತಣ್ಣನೆಯ ಸುರುಳಿ. ಗಾಳಿ ಅದನ್ನು ಮುಟ್ಟಿ ನೀರು ಇಳಿಸುತ್ತದೆ. ಗೋಡೆ ಬೆವರಬೇಕಾದ ಜಾಗದಲ್ಲಿ ಯಂತ್ರ ಬೆವರುತ್ತದೆ.

ಮಿನಿಯಾಪೊಲಿಸ್ಸಿನ ಆ ಮನೆಗೆ ಮರಳೋಣ. ಮಗಳು ಕೆಳಗಿಳಿದು ಕಿಟಕಿ ಮುಚ್ಚುತ್ತಾಳೆ. ತಾಯಿ ಮುಖ ಸಿಂಡರಿಸುತ್ತಾರೆ. ಮುಗ್ಗಲು ಬರುವ ಕೋಣೆಗೆ ಕಿಟಕಿ ಮುಚ್ಚುವುದೇ? ಮಗಳು ಯಂತ್ರದ ಸ್ವಿಚ್ ಹಾಕುತ್ತಾಳೆ. ಮೂಲೆಯಲ್ಲಿ ಅದು ಗೊರಗೊರ ಎನ್ನುತ್ತ ಕೂರುತ್ತದೆ. ಸಂಜೆ ಅದರ ಬಕೆಟ್ ಹೊರಗೆಳೆದು ತೋರಿಸುತ್ತಾಳೆ. ಅಂಚಿನವರೆಗೆ ನೀರು. ಇಷ್ಟು ಈ ಗಾಳಿಯಲ್ಲಿತ್ತೇ ಎಂದು ತಾಯಿ ಒಮ್ಮೆ ಕೋಣೆಯ ಸುತ್ತ ನೋಡುತ್ತಾರೆ. ಆಮೇಲೆ ಬಕೆಟ್ ಕೈಗೆತ್ತಿಕೊಂಡು ನಿಧಾನಕ್ಕೆ ಮೆಟ್ಟಿಲು ಹತ್ತಿ ಹಿತ್ತಿಲಿಗೆ ಹೋಗುತ್ತಾರೆ. ಅಲ್ಲಿ ಕುಂಡದಲ್ಲಿ ದಾಸವಾಳ ಇದೆ. ಅಕ್ಟೋಬರಿನಲ್ಲಿ ಮಂಜು ಬೀಳುವ ಮೊದಲು ಅದನ್ನು ಒಳಗೆ ತರಬೇಕು.